ಗುಲಾಬಿ ಬಣ್ಣ ಹೋಯ್ತು, ಕ್ರೋಮಿಯಂ ಹೋಗಲಿಲ್ಲ

ಎಂಎಸ್ಸಿ ಪ್ರಾಜೆಕ್ಟಿಗೆ ನಾನು ಹಿಡಿದದ್ದು ನೀರಿನಿಂದ ಹೆಕ್ಸಾವೇಲೆಂಟ್ ಕ್ರೋಮಿಯಂ (ವೇಲೆನ್ಸಿ ಆರು ಇರುವ, ವಿಷಕಾರಿ ರೂಪದ ಕ್ರೋಮಿಯಂ) ತೆಗೆಯುವ ಕೆಲಸ. ಕ್ರೋಮ್ ಪ್ಲೇಟಿಂಗ್ ಶೆಡ್‌ಗಳಲ್ಲಿ ತೊಳೆದು ಬಿಡುವ ಹಳದಿ ನೀರಿನಲ್ಲಿ ಇರುತ್ತದಲ್ಲ, ಅದೇ. ನಮ್ಮೂರು ತಿಪಟೂರು ಕಡೆ, ಅದನ್ನು ಹೀರಿಕೊಳ್ಳಲು ಬೇಕಾದ ತೆಂಗಿನ ನಾರಿನ ಪುಡಿಗೆ ಬರವಿಲ್ಲ. ಅಪ್ಪ ಒಂದು ಚೀಲ ತುಂಬಿ ಬಸ್ಸಿಗೆ ಹಾಕಿ ಕಳಿಸಿದರು.

ಮೊದಲ ವಾರ ಪುಡಿಯನ್ನು ತೊಳೆಯದೆ ಸುಮ್ನೆ ಹಾಗೇ ಹಾಕಿಬಿಟ್ಟೆ. ಸೋಸಿದರೆ ಕಂದು ನೀರು. ಲ್ಯಾಬ್ ಅಟೆಂಡರ್ ಅಣ್ಣ ನೋಡಿ, "ಏನಮ್ಮಾ, ಟೀ ಮಾಡ್ತಿದೀಯಾ?" ಅಂದರು. ಆಮೇಲೆ ಬಿಸಿನೀರಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆದು, ಓವನ್‌ನಲ್ಲಿ ಒಣಗಿಸಿ, ಜರಡಿ ಹಿಡಿದೆ.

ಲೀಟರಿಗೆ 2.829 ಗ್ರಾಂ ಪೊಟ್ಯಾಸಿಯಂ ಡೈಕ್ರೋಮೇಟ್ ಹಾಕಿದರೆ 1000 ಮಿಲಿಗ್ರಾಂ ಕ್ರೋಮಿಯಂ. ನೀರು ಬೆರೆಸಿ ಅದನ್ನು ಲೀಟರಿಗೆ 50 ಮಿಲಿಗ್ರಾಂಗೆ ಇಳಿಸಿ, 100 ಮಿಲಿಗೆ ಅರ್ಧ ಗ್ರಾಂ ಪುಡಿ ಹಾಕಿ ಶೇಕರ್‌ನಲ್ಲಿಟ್ಟೆ. ಪಿಎಚ್ 7ರಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ, ಆ್ಯಸಿಡ್ ಹಾಕಿ 2ಕ್ಕೆ ಇಳಿಸಿದ ಮೇಲೆ ಹಳದಿ ಕರಗತೊಡಗಿತು. ಈ ಕ್ರೋಮಿಯಂ ಸೀಸ, ಕ್ಯಾಡ್ಮಿಯಂ ಥರ ಪಾಸಿಟಿವ್ ಅಯಾನ್ ಆಗಿರುವುದಿಲ್ಲ, ಆಕ್ಸಿಜನ್ ಜೊತೆ ಸೇರಿ ನೆಗೆಟಿವ್ ಆಗಿರುತ್ತದೆ. ಆ್ಯಸಿಡ್‌ನಲ್ಲಿ ಪುಡಿಯ ಮೈ ಪಾಸಿಟಿವ್ ಆಗಿ ಅದನ್ನು ಎಳೆದುಕೊಳ್ಳುತ್ತದೆ.

ಅಳೆಯಲು ಡೈಫಿನೈಲ್‌ಕಾರ್ಬಜೈಡ್ ಹಾಕುತ್ತಿದ್ದೆ. ಕ್ರೋಮಿಯಂ ಇದ್ದರೆ ಗುಲಾಬಿ-ನೇರಳೆ ಬಣ್ಣ, ಬೆಳಕಿನ ಅಲೆಯುದ್ದ 540 ನ್ಯಾನೋಮೀಟರ್‌ನಲ್ಲಿ ರೀಡಿಂಗ್. ಒಂದು ದಿನ ಬಣ್ಣವೇ ಬರಲಿಲ್ಲ. ಖುಷಿಯಲ್ಲಿ ಮೇಡಂ ಹತ್ತಿರ ಓಡಿದೆ. ಅವರು ಕೇಳಿದ್ದು ಒಂದೇ ಮಾತು: "ಟೋಟಲ್ ಕ್ರೋಮಿಯಂ ನೋಡಿದ್ಯಾ?"

ನೋಡಿರಲಿಲ್ಲ. ಅದೇ ಬಾಟಲಿಯ ನೀರನ್ನು, ಲೋಹ ಯಾವ ರೂಪದಲ್ಲಿದ್ದರೂ ಒಟ್ಟು ಅಳೆಯುವ ಯಂತ್ರವಾದ ಎಎಎಸ್‌ಗೆ ಕೊಟ್ಟರೆ ಕ್ರೋಮಿಯಂ ಇನ್ನೂ ಇತ್ತು, ಅದೂ ಸಾಕಷ್ಟು! ನಾರಿನಲ್ಲಿರುವ ಲಿಗ್ನಿನ್, ಟ್ಯಾನಿನ್ ಆ್ಯಸಿಡ್‌ನಲ್ಲಿ ಎಲೆಕ್ಟ್ರಾನ್ ಕೊಟ್ಟು ಹೆಕ್ಸಾವೇಲೆಂಟನ್ನು ಟ್ರೈವೇಲೆಂಟಿಗೆ, ಅಂದರೆ ಆರನ್ನು ಮೂರಕ್ಕೆ ಇಳಿಸಿದ್ದವು. ಟ್ರೈವೇಲೆಂಟ್ ಕ್ರೋಮಿಯಂ ನಮ್ಮ ಬಣ್ಣದ ಟೆಸ್ಟಿಗೆ ಕಾಣುವುದೇ ಇಲ್ಲ, ಮೇಲಾಗಿ ಅದು ಪಾಸಿಟಿವ್ ಆದ್ದರಿಂದ ಪಿಎಚ್ 2ರಲ್ಲಿ ಪುಡಿಗೂ ಸರಿಯಾಗಿ ಅಂಟುವುದಿಲ್ಲ. ವಿಷ ಕಡಿಮೆಯಾಗಿತ್ತು ನಿಜ, ಆದರೆ ಲೋಹ ನೀರಿನಲ್ಲೇ ಇತ್ತು. ನಾನು ಮೂರು ತಿಂಗಳು "ಹೀರಿಕೊಂಡಿತು" ಅಂತ ಬರೆದಿದ್ದ ಗ್ರಾಫುಗಳನ್ನೆಲ್ಲ ಮತ್ತೆ ಮಾಡಬೇಕಾಯಿತು. ಕೊನೆಗೆ ಸುಣ್ಣ ಹಾಕಿ ಪಿಎಚ್ 8.5ಕ್ಕೆ ಏರಿಸಿದಾಗ ಕ್ರೋಮಿಯಂ ಬೂದು-ಹಸಿರು ಗಷ್ಟಾಗಿ ತಳಕ್ಕೆ ಕೂತಿತು, ಅದನ್ನು ಸೋಸಿದೆ. ಹೊಳೆ, ಕೆರೆಗೆ ಬಿಡುವ ನೀರಿಗೆ ಹೆಕ್ಸಾವೇಲೆಂಟ್ ಮಿತಿ ಲೀಟರಿಗೆ 0.1 ಮಿಲಿಗ್ರಾಂ, ಟೋಟಲ್ ಮಿತಿ 2. ಎರಡೂ ಅಳೆಯದೆ ಏನೂ ಹೇಳುವ ಹಾಗಿಲ್ಲ.

ಹೋಲಿಕೆಗೆ ರೆಸಿನ್ (ನೀರಿನಲ್ಲಿರುವ ಅಯಾನ್ ಹಿಡಿದು ತನ್ನದನ್ನು ಬಿಟ್ಟುಕೊಡುವ ಸಣ್ಣ ಮಣಿಗಳು) ಕೂಡ ಬಳಸಿದೆ. ಬೀರುವಿನಲ್ಲಿ ಸಿಕ್ಕಿದ, ಪಾಸಿಟಿವ್ ಅಯಾನ್ ಹಿಡಿಯುವ ಕ್ಯಾಟಯಾನ್ ರೆಸಿನ್ ತುಂಬಿದ್ದು ನನ್ನ ಪೆದ್ದುತನ, ಹಳದಿ ನೀರು ಹಳದಿಯಾಗೇ ಇಳಿಯಿತು. ನೆಗೆಟಿವ್ ಅಯಾನ್ ಹಿಡಿಯುವ ಆನಯಾನ್ ರೆಸಿನ್ ತರಿಸಿ ಬ್ಯುರೆಟ್‌ಗೆ ತುಂಬಿದ ಮೇಲೆ, ಕಿತ್ತಳೆ ಪಟ್ಟಿಯೊಂದು ಮೇಲಿಂದ ಬೆರಳಗಲ, ಬೆರಳಗಲ ಕೆಳಗೆ ಸರಿಯುವುದು ಕಣ್ಣಿಗೇ ಕಾಣುತ್ತಿತ್ತು. ಆ್ಯಸಿಡ್ ಹಾಕುವ ಕೆಲಸವೇ ಇಲ್ಲ. ಉಪ್ಪು, ಕಾಸ್ಟಿಕ್ ಸೋಡಾ ಬೆರೆಸಿದ ನೀರು ಬಿಟ್ಟರೆ ರೆಸಿನ್ ಮತ್ತೆ ತಯಾರು. ಆದರೆ ಸಲ್ಫೇಟ್ ಜಾಸ್ತಿ ಇರುವ ನೀರಿನಲ್ಲಿ ಕ್ರೋಮಿಯಂ ಕೂರುವ ಜಾಗವನ್ನು ಸಲ್ಫೇಟೇ ಹಿಡಿದುಬಿಡುತ್ತದೆ, ರೆಸಿನ್ ಬೇಗ ಸೋಲುತ್ತದೆ. ದುಡ್ಡಿನ ಮಾತಂತೂ ಬೇಡ.

ಊರಿಗೆ ಹೋದಾಗ ಅಮ್ಮ ಕೇಳಿದಳು, "ಆ ಪುಡೀನ ವಾಪಸ್ ತಂದು ಮರದ ಬುಡಕ್ಕೆ ಹಾಕಬಹುದಿತ್ತಲ್ವಾ?" ಅದು ಈಗ ಲ್ಯಾಬಿನ ಮೂಲೆಯ ಮುಚ್ಚಳದ ಡ್ರಮ್ಮಿನಲ್ಲಿದೆ, ಅಪಾಯಕಾರಿ ತ್ಯಾಜ್ಯ ಅಂತ ಚೀಟಿ ಅಂಟಿಸಿದ್ದೇವೆ.