ಇಸಿಜಿಯಲ್ಲಿ ಬಂಡಲ್ ಬ್ರಾಂಚ್ ಬ್ಲಾಕ್ ಗುರುತಿಸುವುದು ಹೇಗೆ?

ಇಸಿಜಿ ಚೀಟಿಯ ಮೇಲೆ ಯಂತ್ರವೇ ‘ಆರ್‌ಬಿಬಿಬಿ’ (ಬಲ ಬಂಡಲ್ ಬ್ರಾಂಚ್ ಬ್ಲಾಕ್) ಅಥವಾ ‘ಎಲ್‌ಬಿಬಿಬಿ’ (ಎಡ ಬಂಡಲ್ ಬ್ರಾಂಚ್ ಬ್ಲಾಕ್) ಎಂದು ಅಚ್ಚು ಹಾಕಿರುತ್ತದೆ. ‘ಬ್ಲಾಕ್’ ಎಂದ ಕೂಡಲೇ ರಕ್ತನಾಳ ಕಟ್ಟಿಕೊಂಡಿದೆ ಎಂದು ಗಾಬರಿಯಾಗುವವರೇ ಹೆಚ್ಚು. ಇದು ನಾಳದ ಮಾತಲ್ಲ, ವೈರಿಂಗ್‌ನ ಮಾತು.

ಹೃತ್ಕರ್ಣದಿಂದ ಬಂದ ವಿದ್ಯುತ್ ಸಂಕೇತ ಎವಿ ನೋಡ್ (ಹೃತ್ಕರ್ಣ, ಹೃತ್ಕುಕ್ಷಿಗಳ ನಡುವಿನ ಗಂಟು) ದಾಟಿ, ಹಿಸ್ ಬಂಡಲ್ ಎಂಬ ನಾರಿನ ಕಟ್ಟಿನಲ್ಲಿ ಇಳಿದು, ಎಡಕ್ಕೂ ಬಲಕ್ಕೂ ಕವಲೊಡೆಯುತ್ತದೆ. ಈ ಕವಲುಗಳೇ ಬಂಡಲ್ ಬ್ರಾಂಚ್. ಕವಲಿನ ತುದಿಯ ಪರ್ಕಿಂಜೆ ನಾರುಗಳಲ್ಲಿ ಅದರ ವೇಗ ಸೆಕೆಂಡಿಗೆ 2ರಿಂದ 4 ಮೀಟರ್. ಬರೀ ಸ್ನಾಯುವಿನಲ್ಲಾದರೆ 1 ಮೀಟರಿಗೂ ಕಡಿಮೆ. ಒಂದು ಕವಲು ಕೆಟ್ಟರೆ ಆ ಬದಿಯ ಹೃತ್ಕುಕ್ಷಿಗೆ ಸಂಕೇತ ಹೆದ್ದಾರಿ ಬಿಟ್ಟು ಗದ್ದೆಯ ಬದುವಿನ ಮೇಲೆ ನಡೆದು ಬರಬೇಕು.

ಮೊದಲು ಕಾಗದದ ವೇಗ ನೋಡಿ. ಸೆಕೆಂಡಿಗೆ 25 ಮಿ.ಮೀ. ಇದ್ದರೆ ಒಂದು ಸಣ್ಣ ಚೌಕ ಎಂದರೆ 40 ಮಿಲಿಸೆಕೆಂಡ್. 50ಕ್ಕೆ ಇಟ್ಟಿದ್ದರೆ ಗೆರೆ ಎರಡು ಪಟ್ಟು ಅಗಲವಾಗಿ, ಎಲ್ಲರಿಗೂ ಬ್ಲಾಕ್ ಇದ್ದಂತೆ ಕಾಣುತ್ತದೆ!

ಆಮೇಲೆ ಕ್ಯೂಆರ್‌ಎಸ್, ಅಂದರೆ ಹೃತ್ಕುಕ್ಷಿಗಳು ಚುರುಕಾಗುವಾಗ ಮೂಡುವ ಚೂಪು ಗೆರೆ. ಅದರಲ್ಲಿ ಮೊದಲು ಕೆಳಗಿಳಿದರೆ ಕ್ಯೂ, ಮೇಲೆದ್ದದ್ದು ಆರ್, ಅದರ ನಂತರ ಕೆಳಗಿಳಿದದ್ದು ಎಸ್. ಒಂದೊಂದು ಲೀಡ್ ಹೃದಯವನ್ನು ಒಂದೊಂದು ಕೋನದಿಂದ ನೋಡುತ್ತದೆ; ಕ್ಯೂಆರ್‌ಎಸ್ ಎಲ್ಲಿ ಅತಿ ಅಗಲವಾಗಿದೆಯೋ ಆ ಲೀಡ್‌ನಲ್ಲಿ ಅಳೆಯಿರಿ. ಮೂರು ಸಣ್ಣ ಚೌಕ, ಅಂದರೆ 120 ಮಿಲಿಸೆಕೆಂಡ್ ಮುಟ್ಟಿದರೆ ಮುಂದಿನ ಹೆಜ್ಜೆ. ಪ್ರತಿ ಕ್ಯೂಆರ್‌ಎಸ್‌ಗೆ ಮುಂಚೆ ಪಿ ಅಲೆ (ಹೃತ್ಕರ್ಣ ಚುರುಕಾದ ಗುರುತು) ಇದೆಯೇ ಎಂಬುದನ್ನೂ ಇಲ್ಲೇ ನೋಡಿಬಿಡಿ.

ಈಗ ಎದೆಯ ಮೇಲಿನ ವಿ1. ಈ ಲೀಡ್ ಹೃದಯವನ್ನು ಬಲ-ಮುಂಭಾಗದಿಂದ ನೋಡುತ್ತದೆ. ಅಲೆ ತನ್ನತ್ತ ಬಂದರೆ ಗೆರೆ ಮೇಲೇಳುತ್ತದೆ, ದೂರ ಸರಿದರೆ ಕೆಳಗಿಳಿಯುತ್ತದೆ. ಬಲ ಕವಲು ಕೆಟ್ಟಾಗ ಆರಂಭ ಮಾಮೂಲೇ: ನಡುಗೋಡೆ ಎಡದಿಂದ ಬಲಕ್ಕೆ ಚುರುಕಾಗುತ್ತದೆ, ಚಿಕ್ಕದೊಂದು ಆರ್ ಮೂಡುತ್ತದೆ. ಎಡ ಹೃತ್ಕುಕ್ಷಿ ಗೆರೆಯನ್ನು ಕೆಳಗೆಳೆಯುತ್ತದೆ. ಅದರ ಕೆಲಸ ಮುಗಿಯುವ ಹೊತ್ತಿಗೆ ತಡವಾಗಿ ಬಂದ ಬಲ ಹೃತ್ಕುಕ್ಷಿಗೆ ಎದುರಾಳಿಯೇ ಇಲ್ಲ, ಹಾಗಾಗಿ ಎರಡನೇ ಆರ್ ಎತ್ತರಕ್ಕೇಳುತ್ತದೆ. ಇದೇ ‘ಮೊಲದ ಕಿವಿ’. ಎಡಗಡೆಯಿಂದ ನೋಡುವ ವಿ6 ಮತ್ತು ಲೀಡ್ 1ರಲ್ಲಿ ಅದೇ ತಡ ಅಗಲವಾದ ಎಸ್ ಆಗಿ ಕಾಣಬೇಕು.

ಎಡ ಕವಲಿನದು ಬೇರೆಯೇ ಕಥೆ, ಇಲ್ಲಿ ಮೊದಲ ಹೆಜ್ಜೆಯೇ ತಿರುಗುಮುರುಗು. ನಡುಗೋಡೆ ಬಲದಿಂದ ಎಡಕ್ಕೆ ಚುರುಕಾಗುವುದರಿಂದ ವಿ6ರ ಪುಟ್ಟ ಕ್ಯೂ ಮಾಯ. ಗೋಡೆ ದಾಟುವುದಕ್ಕೇ ಒಂದು ಸಣ್ಣ ಚೌಕದಷ್ಟಾದರೂ ಹೊತ್ತು ಬೇಕು. ದಾಟಿದ ಮೇಲೂ ಅನೇಕರಲ್ಲಿ ಅಲೆ ನೇರ ಹೋಗದೆ ಹೃದಯದ ತುದಿಯನ್ನು ‘ಯು’ ಆಕಾರದಲ್ಲಿ ಸುತ್ತಿ, ಎಲ್ಲಕ್ಕಿಂತ ಕೊನೆಗೆ ಎಡಪಕ್ಕದ ಗೋಡೆ ಮುಟ್ಟುತ್ತದೆ. ಹೀಗಾಗಿ ವಿ6ರಲ್ಲಿ ಅಗಲವಾದ, ನೆತ್ತಿಯಲ್ಲಿ ಕಚ್ಚು ಬಿದ್ದ ಆರ್. ವಿ1ರಲ್ಲಿ ಆಳವಾದ ಎಸ್. ಟಿ ಅಲೆ (ಹೃತ್ಕುಕ್ಷಿಗಳು ಚೇತರಿಸಿಕೊಳ್ಳುವ ಗುರುತು) ಸಾಮಾನ್ಯವಾಗಿ ಕ್ಯೂಆರ್‌ಎಸ್‌ಗೆ ವಿರುದ್ಧ ದಿಕ್ಕಿಗೆ ತಿರುಗಿರುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಎಲೆಕ್ಟ್ರೋಡ್ ಅಂಟಿಸುವಾಗ. ಎದೆಮೂಳೆಯ ಮೇಲ್ಭಾಗದಲ್ಲಿ ಬೆರಳಿಗೆ ಸಿಗುವ ಅಡ್ಡ ಉಬ್ಬಿನ ಪಕ್ಕದ್ದು ಎರಡನೇ ಪಕ್ಕೆಲುಬು. ಅದರ ಕೆಳಗಿನ ಸಂದು ಎರಡನೆಯದು. ಅಲ್ಲಿಂದ ಇನ್ನೆರಡು ಸಂದು ಇಳಿದು, ಮೂಳೆಯ ಬಲ ಅಂಚಿಗೆ ವಿ1 ಅಂಟಿಸಬೇಕು. ಮೇಲೆ ಅಂಟಿಸಿದರೆ ಆರೋಗ್ಯವಂತರಲ್ಲೂ ಸುಳ್ಳು ಮೊಲದ ಕಿವಿ ಮೂಡಬಹುದು, ಆದರೆ ಅಗಲ ಹೆಚ್ಚಿರುವುದಿಲ್ಲ. ಅಗಲವೇ ಹೆಚ್ಚಿದ್ದರೂ ರಕ್ತದಲ್ಲಿ ಪೊಟ್ಯಾಸಿಯಂ ಏರಿರುವುದು, ಪೇಸ್‌ಮೇಕರ್, ಡಬ್ಲ್ಯುಪಿಡಬ್ಲ್ಯು (ಹುಟ್ಟಿನಿಂದಲೇ ಇರುವ ಅಡ್ಡದಾರಿಯಲ್ಲಿ ಸಂಕೇತ ಬೇಗ ಇಳಿಯುವ ತೊಂದರೆ) ಇವುಗಳನ್ನು ಮರೆಯಬೇಡಿ.

ಬಲ ಬ್ಲಾಕ್ ಆರೋಗ್ಯವಂತರಲ್ಲೂ ಸಿಗುತ್ತದೆ. ಎಡದ್ದು ಕಂಡರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು. ಎದೆನೋವಿನ ಜೊತೆ ಕಂಡರೆ ಆ ಗಳಿಗೆಯೇ ಆಸ್ಪತ್ರೆ. ಹೃದಯದ ಪಂಪ್ ಸೋತಿದ್ದು, ಎಡ ಬ್ಲಾಕ್‌ನ ಅಗಲ 150 ಮಿಲಿಸೆಕೆಂಡ್ ದಾಟಿದ್ದರೆ ಸಿಆರ್‌ಟಿ (ಎರಡೂ ಹೃತ್ಕುಕ್ಷಿಗಳನ್ನು ಒಟ್ಟಿಗೆ ಮಿಡಿಸುವ ಪೇಸ್‌ಮೇಕರ್) ಯಂತ್ರ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಅದರ ಎಡ ತಂತಿಯನ್ನು ಅಭಿಧಮನಿಯೊಳಗಿಂದ ತೂರಿಸಿ ಕೂರಿಸುವುದು ಸಂಕೇತ ಕೊನೆಗೆ ತಲುಪುತ್ತಿದ್ದ ಅದೇ ಎಡಪಕ್ಕದ ಗೋಡೆಯ ಮೇಲೆ.