ಗ್ರಾಫ್ ಹಾಳೆ ತೆಗೆದ ತಕ್ಷಣ ಟೇಬಲ್ ಬೇಡ

ಮೊನ್ನೆ ಪಿಯುಸಿ ಓದುವ ಹುಡುಗಿಯೊಬ್ಬಳು ತನ್ನ ಗ್ರಾಫ್ ಹಾಳೆ ತಂದು ತೋರಿಸಿದಳು. ಲೆಕ್ಕ ಇದು:

ವೈ = (ಎಕ್ಸ್² − ಎಕ್ಸ್ − 2) ÷ (ಎಕ್ಸ್² − 4)

ಎಲ್ಲರಂತೆ ಅವಳೂ ಟೇಬಲ್‌ನಿಂದ ಶುರು ಮಾಡಿದ್ದಳು. ಎಕ್ಸ್ −3 ಆದರೆ ವೈ 2. −1 ಆದರೆ 0. ಸೊನ್ನೆ ಹಾಕಿದರೆ ಅರ್ಧ, 1 ಹಾಕಿದರೆ ಮೂರನೇ ಎರಡು. −2 ಮತ್ತು 2 ಹಾಕಿದಾಗ ಮೊಬೈಲಿನ ಕ್ಯಾಲ್ಕುಲೇಟರ್ ಎರರ್ ತೋರಿಸಿದೆ. ಆ ಎರಡು ಖಾನೆ ಖಾಲಿ ಬಿಟ್ಟು, ಉಳಿದ ಚುಕ್ಕಿಗಳನ್ನು ನೀಟಾಗಿ ಸೇರಿಸಿದ್ದಳು. ಗೆರೆ ಎಡದಿಂದ ಇಳಿದು, ಎಕ್ಸ್ ಅಕ್ಷ ಮುಟ್ಟಿ, ಮತ್ತೆ ಮೆಲ್ಲಗೆ ಮೇಲೇರಿತ್ತು. ಇಟ್ಟ ಚುಕ್ಕಿ ಒಂದೂ ತಪ್ಪಿರಲಿಲ್ಲ. ಆದರೆ ಚಿತ್ರ ಪೂರ್ತಿ ತಪ್ಪು. ಲೆಕ್ಕದ ಜೀವ ಇದ್ದದ್ದೇ ಆ ಎರಡು ಖಾಲಿ ಖಾನೆಗಳಲ್ಲಿ.

ಈ ತಪ್ಪನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅದಕ್ಕೇ ಹೇಳುವುದು, ಟೇಬಲ್ ಕೊನೆಗಿರಲಿ.

ಬೇಕಾದ ಸಾಮಾನು

ಗ್ರಾಫ್ ಹಾಳೆ, ಚೂಪಾದ ಎಚ್‌ಬಿ ಪೆನ್ಸಿಲ್, ಒಳ್ಳೆ ರಬ್ಬರ್. ಜೆಲ್ ಪೆನ್ ಬೇಡವೇ ಬೇಡ. ದಪ್ಪ ಹಸಿರು ಗೆರೆ ಅಚ್ಚೊತ್ತಿದ ಅಗ್ಗದ ಹಾಳೆಯನ್ನೂ ಕೊಳ್ಳಬೇಡಿ, ಅದರ ಮೇಲೆ ಪೆನ್ಸಿಲ್ ಗೆರೆ ಕಾಣುವುದೇ ಇಲ್ಲ. ಸ್ಕೇಲ್ ಅಕ್ಷ ಎಳೆಯುವುದಕ್ಕೆ ಮಾತ್ರ.

ಹಂತ 1: ಬಹುಪದೋಕ್ತಿ ಕೈಗೆ ಹತ್ತಲಿ

ಹತ್ತನೇ ತರಗತಿಯಲ್ಲಿ ನಕ್ಷೆ ನೋಡಿ ಶೂನ್ಯತೆ (ವೈ ಸೊನ್ನೆಯಾಗುವ ಎಕ್ಸ್ ಬೆಲೆ) ಎಣಿಸಿದ್ದೀರಿ, ಅಲ್ವಾ? ಈಗ ಅದನ್ನೇ ತಿರುಗಿಸಿ ಮಾಡುವುದು. ಅಪವರ್ತಿಸಿ, ಶೂನ್ಯತೆಗಳನ್ನು ಎಕ್ಸ್ ಅಕ್ಷದ ಮೇಲೆ ಗುರುತಿಸಿ. ದೊಡ್ಡ ಘಾತದ ಪದ ನೋಡಿದರೆ ಎರಡು ತುದಿ ಎತ್ತ ಹೋಗುತ್ತವೆ ಅಂತ ಗೊತ್ತಾಗುತ್ತದೆ.

ವೈ = (ಎಕ್ಸ್ + 1)²(ಎಕ್ಸ್ − 2) ತೆಗೆದುಕೊಳ್ಳಿ. 2ರಲ್ಲಿ ಗೆರೆ ಅಕ್ಷವನ್ನು ದಾಟುತ್ತದೆ. −1ರಲ್ಲಿ ದಾಟುವುದಿಲ್ಲ, ಮುಟ್ಟಿ ವಾಪಸ್ ಬರುತ್ತದೆ, ಯಾಕೆಂದರೆ ಅಲ್ಲಿ ವರ್ಗ ಇದೆ. ಸೊನ್ನೆಯಲ್ಲಿ ಬೆಲೆ −2, ಒಂದರಲ್ಲಿ −4. ಇಷ್ಟು ಸಾಕು, ಕೈ ಬಿಟ್ಟು ಎಳೆಯಿರಿ. ತಿರುವುಗಳು ದುಂಡಗಿರಲಿ, ಚೂಪು ಮೂಲೆ ಬೇಡ.

ಒಂದು ಅಡ್ಡದಾರಿಯ ಬಗ್ಗೆ ಎಚ್ಚರ. ಎರಡು ಶೂನ್ಯತೆಗಳ ನಟ್ಟನಡುವೆ ತಿರುವು ಇರುತ್ತದೆ ಅಂತ ತುಂಬ ಮಕ್ಕಳು ನಂಬಿದ್ದಾರೆ. ವರ್ಗ ಬಹುಪದೋಕ್ತಿಗೆ ಅದು ನಿಜ. ಘನಕ್ಕೆ ಅಲ್ಲ. ಎಕ್ಸ್³ − 4ಎಕ್ಸ್‌ಗೆ 0 ಮತ್ತು 2 ಶೂನ್ಯತೆಗಳು, ಆದರೆ ಅವುಗಳ ನಡುವಿನ ತಿರುವು 1ರಲ್ಲಿ ಇಲ್ಲ, 1.15ರ ಹತ್ತಿರ ಇದೆ.

ಹಂತ 2: ಛೇದ ಎಲ್ಲಿ ಸೊನ್ನೆಯಾಗುತ್ತದೆ?

ಎಲ್ಲರೂ ಎಡವುವುದು ಇಲ್ಲೇ. ಆ ಹುಡುಗಿಯ ಲೆಕ್ಕಕ್ಕೇ ಬರೋಣ. ಅಂಶ, ಛೇದ ಎರಡನ್ನೂ ಅಪವರ್ತಿಸಿ:

[(ಎಕ್ಸ್ − 2)(ಎಕ್ಸ್ + 1)] ÷ [(ಎಕ್ಸ್ − 2)(ಎಕ್ಸ್ + 2)]

ಈಗ ಕೈ ತಡೆಯಿರಿ. (ಎಕ್ಸ್ − 2) ಕಂಡ ಕೂಡಲೇ ಹೊಡೆದುಹಾಕಬೇಡಿ. ಮೊದಲು ಹಾಳೆಯ ಮೂಲೆಯಲ್ಲಿ ‘ಎಕ್ಸ್ 2 ಆಗಬಾರದು, −2 ಆಗಬಾರದು’ ಅಂತ ಬರೆದುಕೊಳ್ಳಿ. ಆಮೇಲೆ ಹೊಡೆಯಿರಿ. ಈ ಒಂದು ಸಾಲು ಬರೆಯದೇ ಮುಂದೆ ಹೋದವರು ಅರ್ಧ ಉತ್ತರ ಕಳೆದುಕೊಳ್ಳುತ್ತಾರೆ.

ಹೊಡೆದ ಮೇಲೆ ಉಳಿದದ್ದು (ಎಕ್ಸ್ + 1) ÷ (ಎಕ್ಸ್ + 2). ಬರೆದಿಟ್ಟ ಎರಡು ಸಂಖ್ಯೆಗಳ ದಾರಿ ಇಲ್ಲಿ ಬೇರೆಯಾಗುತ್ತದೆ. 2ಕ್ಕೆ ಕಾರಣವಾದ ಅಪವರ್ತನ ಹೊರಟುಹೋಯಿತು. ಹಾಗಾಗಿ ಅಲ್ಲಿ ಗೆರೆಯಲ್ಲಿ ಬರೀ ಒಂದು ತೂತು. ಉಳಿದ ರೂಪಕ್ಕೆ 2 ಹಾಕಿ ನೋಡಿ, ನಾಲ್ಕನೇ ಮೂರು ಬರುತ್ತದೆ. (2, 0.75)ರಲ್ಲಿ ಒಂದು ಸಣ್ಣ ಸೊನ್ನೆ ಬರೆಯಿರಿ, ಒಳಗೆ ತುಂಬಬೇಡಿ. ಗೆರೆ ಆ ಸೊನ್ನೆಯ ಅಂಚಿಗೆ ಬಂದು ನಿಂತು, ಆಚೆ ಅಂಚಿನಿಂದ ಮತ್ತೆ ಹೊರಡಬೇಕು.

−2 ಮಾತ್ರ ಛೇದದಲ್ಲೇ ಉಳಿದಿದೆ. ಅಲ್ಲಿ ಒಂದು ಲಂಬ ಚುಕ್ಕಿಗೆರೆ ಹಾಕಿ. ಇದೇ ಅಸಿಂಪ್ಟೋಟ್. ಗೆರೆ ಇದರ ಪಕ್ಕದಲ್ಲೇ ಓಡುತ್ತದೆ, ಇದನ್ನು ಮುಟ್ಟುವುದಿಲ್ಲ.

ಪಕ್ಕದಲ್ಲಿ ಮೇಲಕ್ಕೋ ಕೆಳಕ್ಕೋ? ಊಹೆ ಮಾಡಬೇಡಿ. ಎರಡೂ ಬದಿಗೆ ಕೂದಲೆಳೆಯಷ್ಟು ಸರಿದು ಬೆಲೆ ಹಾಕಿ. −2.1ರಲ್ಲಿ −1.1 ÷ −0.1, ಅಂದರೆ 11. −1.9ರಲ್ಲಿ −0.9 ÷ 0.1, ಅಂದರೆ −9. ಇನ್ನೂ ಹತ್ತಿರ ಹೋದರೆ −2.01ರಲ್ಲಿ 101, −1.99ರಲ್ಲಿ −99. ಎಡಗಡೆ ಗೆರೆ ಆಕಾಶಕ್ಕೆ, ಬಲಗಡೆ ಪಾತಾಳಕ್ಕೆ. ಬರೀ ಚಿಹ್ನೆ ನೋಡಿದರೂ ಸಾಕು, ಆದರೆ ಮೊದಲ ಹತ್ತು ಲೆಕ್ಕಗಳಲ್ಲಿ ಸಂಖ್ಯೆಯನ್ನೇ ಹಾಕಿ ನೋಡಿ. ಬೆಲೆ ಹಾಗೆ ಉಕ್ಕುವುದನ್ನು ಕಣ್ಣಾರೆ ಕಂಡವರು ಅದನ್ನು ಮರೆಯುವುದಿಲ್ಲ.

ಒಂದು ಬದಿ ಮೇಲೆ ಹೋದರೆ ಇನ್ನೊಂದು ಕೆಳಗೆ ಅಂತ ಬಾಯಿಪಾಠ ಮಾಡಬೇಡಿ. ಛೇದದಲ್ಲಿ (ಎಕ್ಸ್ − 3)² ಥರ ವರ್ಗ ಉಳಿದಿದ್ದರೆ ಎರಡೂ ಬದಿ ಒಂದೇ ಕಡೆ ಹೋಗುತ್ತವೆ.

ಹಂತ 3: ದೂರದಲ್ಲಿ ಏನಾಗುತ್ತದೆ?

ಎಕ್ಸ್‌ಗೆ 98 ಹಾಕಿ: 99 ÷ 100. −102 ಹಾಕಿ: 1.01. ಅಂದರೆ ಗೆರೆ ವೈ = 1ಕ್ಕೆ ಬಲದಲ್ಲಿ ಕೆಳಗಿನಿಂದ, ಎಡದಲ್ಲಿ ಮೇಲಿನಿಂದ ಹತ್ತಿರವಾಗುತ್ತದೆ. ಅಲ್ಲೊಂದು ಅಡ್ಡ ಚುಕ್ಕಿಗೆರೆ ಹಾಕಿ, ಇದು ಅಡ್ಡ ಅಸಿಂಪ್ಟೋಟ್. ಅಡ್ಡ ಅಸಿಂಪ್ಟೋಟನ್ನು ಗೆರೆ ದಾಟಲೇಬಾರದು ಅಂತೇನಿಲ್ಲ. ಎಕ್ಸ್ ÷ (ಎಕ್ಸ್² + 1)ರ ಗೆರೆ ತನ್ನ ಅಡ್ಡ ಅಸಿಂಪ್ಟೋಟನ್ನು, ಅಂದರೆ ಎಕ್ಸ್ ಅಕ್ಷವನ್ನೇ, ಸೊನ್ನೆಯಲ್ಲಿ ದಾಟುತ್ತದೆ.

ಹಂತ 4: ಈಗ ಚುಕ್ಕಿ

ನಾಲ್ಕೈದು ಸಾಕು: (−4, 1.5), (−3, 2), (−1.5, −1), (−1, 0), (0, 0.5). ಚುಕ್ಕಿಗೆರೆಯ ಎಡಕ್ಕೊಂದು ತುಂಡು, ಬಲಕ್ಕೊಂದು ತುಂಡು. ಎರಡನ್ನೂ ಸೇರಿಸಬೇಡಿ.

ಮೊಬೈಲಿನಲ್ಲಿ ಗ್ರಾಫ್ ನೋಡಿ ನಕಲು ಮಾಡುವವರಿಗೆ ಒಂದು ಮಾತು. ಕೆಲವು ಆ್ಯಪ್‌ಗಳು ಆ ಎರಡು ತುಂಡುಗಳನ್ನು ಒಂದು ನೆಟ್ಟನೆ ಗೆರೆಯಿಂದ ಸೇರಿಸಿಬಿಡುತ್ತವೆ. ತೂತಂತೂ ಪರದೆಯ ಮೇಲೆ ಸಾಮಾನ್ಯವಾಗಿ ಕಾಣುವುದಿಲ್ಲ, ಒಂದೇ ಒಂದು ಬಿಂದು ತಾನೇ! ನಾನು ಜಿಯೋಜಿಬ್ರಾ ಬಳಸುತ್ತೇನೆ, ಅದೂ ಕೈಯಲ್ಲಿ ಎಳೆದು ಮುಗಿಸಿದ ಮೇಲೆ, ತಾಳೆ ನೋಡುವುದಕ್ಕೆ.

ಇವತ್ತೇ ಒಂದು ಮಾಡಿ ನೋಡಿ: (ಎಕ್ಸ್² − 9) ÷ (ಎಕ್ಸ್² − ಎಕ್ಸ್ − 6). ತೂತು (3, 1.2)ರಲ್ಲಿ ಬರಬೇಕು. −2ರ ಚುಕ್ಕಿಗೆರೆಯ ಪಕ್ಕ ಈ ಸಲ ಎಡಗಡೆ ಕೆಳಕ್ಕೆ, ಬಲಗಡೆ ಮೇಲಕ್ಕೆ.