ಕರಾವಳಿಗೆ ಪಿಕಪ್: ಆರಿಸುವುದು ಹೇಗೆ, ತುಕ್ಕಿನಿಂದ ಉಳಿಸಿಕೊಳ್ಳುವುದು ಹೇಗೆ

ನಮ್ಮ ಕರಾವಳಿಯ ಎಷ್ಟೋ ಪಿಕಪ್‌ಗಳಲ್ಲಿ ಎಂಜಿನ್ ಇನ್ನೂ ಗಟ್ಟಿಯಾಗಿರುವಾಗಲೇ ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು, ತುಕ್ಕು ಹಿಡಿದು ಮುಗಿದಿರುತ್ತದೆ. ಮಲ್ಪೆಯಲ್ಲೋ ಮಂಗಳೂರಿನ ಬಂದರಿನಲ್ಲೋ ಮೀನು ಹೊರುವ ಗಾಡಿಯ ಅಡಿಗೆ ಒಮ್ಮೆ ಬಗ್ಗಿ ನೋಡಿದರೆ ಗೊತ್ತಾಗುತ್ತದೆ. ಗಾಳಿಯಲ್ಲೇ ಉಪ್ಪು. ಮೇಲಿಂದ ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ. ಬೇರೆ ಊರಿನವರು ಮೈಲೇಜ್, ಕಂತು ನೋಡಿ ಗಾಡಿ ತಗೊಳ್ಳಬಹುದು. ನಾವು ಉಪ್ಪು, ಮಳೆ, ಘಾಟಿ ಮೂರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೊದಲು ತೂಕ ಬರೆಯಿರಿ

ಶೋರೂಮಿಗೆ ಹೋಗುವ ಮೊದಲು ಒಂದು ಕಾಗದದಲ್ಲಿ ನಿಮ್ಮ ಲೋಡ್ ಏನು, ಎಷ್ಟು ತೂಕ, ಎಲ್ಲಿಂದ ಎಲ್ಲಿಗೆ ಎಂದು ಬರೆಯಿರಿ. ಸಿಮೆಂಟ್ ಲೆಕ್ಕ ಸುಲಭ. ಚೀಲಕ್ಕೆ 50 ಕಿಲೊ, 30 ಚೀಲ ಹಾಕಿದರೆ 1500 ಕಿಲೊ. ಮೀನಿನ ಲೆಕ್ಕದಲ್ಲಿ ಜನ ಎಡವುತ್ತಾರೆ. ನಮ್ಮ ಸೆಕೆಗೆ ಮೀನಿನಷ್ಟೇ ತೂಕದ ಐಸ್ ಹಾಕುವುದು ಸರಿಯಾದ ಕ್ರಮ. 800 ಕಿಲೊ ಮೀನಿಗೆ 800 ಕಿಲೊ ಐಸ್. ಅಲ್ಲಿಗೇ 1600 ಆಯಿತು. ಕ್ರೇಟುಗಳ ತೂಕ ಬೇರೆ. ಚಳಿ ಹಿಡಿದಿಡುವ ಪೆಟ್ಟಿಗೆ ಕೂರಿಸಿದರೆ ಅದೇ ಕೆಲವು ನೂರು ಕಿಲೊ ತಿನ್ನುತ್ತದೆ. ಅಂದರೆ 1.7 ಟನ್ ಹೊರುವ ಗಾಡಿಯಲ್ಲಿ ನಿಜವಾಗಿ ಹೋಗುವ ಮೀನು ಮುಕ್ಕಾಲು ಟನ್ನಿಗಿಂತಲೂ ಕಡಿಮೆ. ಇದನ್ನು ತಿಳಿಯದೆ ಚಿಕ್ಕ ಗಾಡಿ ತಗೊಂಡವರು ಓವರ್‌ಲೋಡ್ ಮಾಡುತ್ತಾರೆ. ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ದಂಡ 20,000 ರೂಪಾಯಿ. ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000.

ಇಲ್ಲಿ ಜಾಸ್ತಿ ಕಾಣುವುದು ಮಹೀಂದ್ರ ಬೊಲೆರೊ ಪಿಕಪ್, ಟಾಟಾ ಯೋಧ, ಟಾಟಾ ಇಂಟ್ರಾ, ಅಶೋಕ್ ಲೇಲ್ಯಾಂಡ್ ದೋಸ್ತ್. ಬೊಲೆರೊಗೆ 2.5 ಲೀಟರ್ ಎಂಜಿನ್, ಯೋಧಕ್ಕೆ 2.2. ದೋಸ್ತ್ ಮತ್ತು ಇಂಟ್ರಾ ವಿ30, ವಿ50ರ ಡೀಸೆಲ್ ಎಂಜಿನ್ 1.5 ಲೀಟರಿನದು. ಅವುಗಳ ಮೂತಿ ಗಿಡ್ಡ, ಇಕ್ಕಟ್ಟಿನ ಜಾಗದಲ್ಲಿ ತಿರುಗಿಸಲು ಸುಲಭ. ನನ್ನ ಅಭಿಪ್ರಾಯ ಇಷ್ಟು: ಬೈಕಂಪಾಡಿಯಿಂದ ಪೇಟೆಗೆ, ಬಂದರಿನ ಓಣಿಗಳಲ್ಲಿ ಓಡಾಡುವವರಿಗೆ ಗಿಡ್ಡ ಮೂತಿಯ ಗಾಡಿ ಸಾಕು. ವಾರಕ್ಕೆ ನಾಲ್ಕು ಸಲ ಆಗುಂಬೆಯನ್ನೋ ಶಿರಾಡಿಯನ್ನೋ ಹತ್ತುವವರು ದೊಡ್ಡ ಎಂಜಿನ್ ಇರುವುದನ್ನೇ ತಗೊಳ್ಳಿ. ಲೋಡ್ ಹಾಕಿಕೊಂಡು ತಿರುವಿನಲ್ಲಿ ನಿಂತು ಮತ್ತೆ ಎತ್ತುವಾಗ ವ್ಯತ್ಯಾಸ ಗೊತ್ತಾಗುತ್ತದೆ.

ಟೊಯೊಟಾ ಹೈಲಕ್ಸ್, ಇಸುಝು ವಿ-ಕ್ರಾಸ್ ಒಳ್ಳೆಯ ಗಾಡಿಗಳೇ. ತೋಟ, ಮನೆ, ಕುಟುಂಬ ಎಲ್ಲಕ್ಕೂ ಒಂದೇ ಗಾಡಿ ಬೇಕೆನ್ನುವವರಿಗೆ ಸರಿ. ಆದರೆ ಉದ್ದ ಐದು ಮೀಟರಿಗೂ ಜಾಸ್ತಿ, ಹೊರುವ ತೂಕ ಬೊಲೆರೊಗಿಂತ ತುಂಬ ಕಡಿಮೆ. ಬಾಡಿಗೆ ಓಡಿಸಿ ದುಡಿಯುವವರಿಗೆ ಇವು ಹೊಂದುವುದಿಲ್ಲ.

ಡೀಸೆಲ್ ತಗೊಳ್ಳುವವರು ಇನ್ನೊಂದು ವಿಷಯ ಕೇಳಿ ತಿಳಿದುಕೊಳ್ಳಿ. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಚೆನ್ನಾಗಿ ಬಿಸಿಯಾದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ದಿನವಿಡೀ ಎರಡು ಮೂರು ಕಿಲೋಮೀಟರಿನ ಟ್ರಿಪ್ ಹೊಡೆದರೆ ಕಟ್ಟಿಕೊಳ್ಳುತ್ತದೆ. ಅಂಥ ಓಡಾಟವಿದ್ದರೆ ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಬೇಕು. ಇಲ್ಲದಿದ್ದರೆ ಸಿಎನ್‌ಜಿ ಮಾಡೆಲ್ ನೋಡಬಹುದು.

ಕಾಗದಪತ್ರ

ಲೋಡ್ ಸೇರಿ ಒಟ್ಟು ತೂಕ 3000 ಕಿಲೊ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಅದಕ್ಕೆ ಮೇಲಿನದಕ್ಕೆ ಬೇಕು. ಒಂದೇ ಹೆಸರಿನ ಗಾಡಿಯಲ್ಲಿ ಎರಡೂ ಬಗೆ ಇರುತ್ತದೆ, ಹಾಗಾಗಿ ಬುಕ್ ಮಾಡುವ ಮೊದಲೇ ಕೇಳಿ. 7500 ಕಿಲೊವರೆಗಿನ ಸರಕು ಗಾಡಿ ಓಡಿಸಲು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಸಾಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಲೋಡ್ ಇಳಿಸುವ ಆಳುಗಳಿಗೂ ವಿಮೆ ಸೇರಿಸಿ. ಅದಕ್ಕೆ ಕೊಡುವ ಹೆಚ್ಚುವರಿ ಹಣ ದೊಡ್ಡದೇನಲ್ಲ, ನಿಮ್ಮ ಗಾಡಿಯಲ್ಲಿ ದುಡಿಯುವವರ ಜೀವದ ವಿಷಯ ಅದು.

ಸೆಕೆಂಡ್ ಹ್ಯಾಂಡ್ ಆದರೆ

ಬಣ್ಣ, ಹೊಸ ಸೀಟ್ ಕವರ್ ನೋಡಬೇಡಿ ಮಾರಾಯ್ರೆ. ಒಂದು ಟಾರ್ಚ್, ಒಂದು ದಪ್ಪ ಸ್ಕ್ರೂಡ್ರೈವರ್ ತಗೊಂಡು ಅಡಿಗೆ ಹೋಗಿ. ಚಾಸಿಯ ಎರಡೂ ಉದ್ದದ ಬೀಮುಗಳಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಒಳಗೆ ತಿಂದುಹೋದ ಜಾಗದಲ್ಲಿ ಮಂದ ಸದ್ದು ಬರುತ್ತದೆ, ಪದರ ಪದರವಾಗಿ ತುಕ್ಕು ಉದುರುತ್ತದೆ. ಅಂಥ ಕಡೆ ತುದಿಯಿಂದ ಒತ್ತಿ ನೋಡಿ. ಒಳಗೆ ಹೋದರೆ ಆ ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ, ರೇಟ್ ಎಷ್ಟು ಇಳಿಸಿದರೂ ಬೇಡ. ಹಿಂದಿನ ಕೊನೆಯ ಅಡ್ಡಪಟ್ಟಿ, ಬಾಡಿ ಚಾಸಿಯ ಮೇಲೆ ಕೂರುವ ಜಾಗ, ಪ್ಲೇಟ್ ಸೆಟ್ (ಪಟ್ಟಿ ಸ್ಪ್ರಿಂಗ್) ಹಿಡಿದಿಡುವ ಯು-ಬೋಲ್ಟ್, ಬ್ರೇಕ್ ಪೈಪ್. ಈ ನಾಲ್ಕನ್ನು ಬೆರಳಿನಿಂದ ಮುಟ್ಟಿಯೇ ನೋಡಬೇಕು. ಮೀನಿನ ಐಸ್ ನೀರು ಮೊದಲು ಇಳಿಯುವುದು ಅಲ್ಲಿಗೇ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಜಾಗ್ರತೆ. ಅದರ ಅಡಿಯಲ್ಲಿ ತುಕ್ಕು ಅಡಗಿರಬಹುದು.

ಕೆಂಪು ಕಲ್ಲು ಹೊರುತ್ತಿದ್ದ ಗಾಡಿಯಾದರೆ ತುಕ್ಕಿಗಿಂತ ಪ್ಲೇಟ್ ಸೆಟ್ ನೋಡಿ. ಖಾಲಿ ಗಾಡಿಯೇ ಹಿಂದೆ ಕುಸಿದಿದ್ದರೆ, ಹೆಚ್ಚುವರಿ ಪ್ಲೇಟ್ ಸೇರಿಸಿದ್ದರೆ, ಅದು ಜೀವಮಾನವಿಡೀ ಓವರ್‌ಲೋಡ್ ಹೊತ್ತಿದೆ ಎಂದೇ ಅರ್ಥ. ಸಾಲ ತೀರಿದೆಯೇ, ದಂಡ ಬಾಕಿ ಇದೆಯೇ ಎಂದು ಸರಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಆರ್‌ಟಿಒಗೆ ಫಾರಂ 35 (ಸಾಲದ ನಮೂದು ತೆಗೆಸುವ ಅರ್ಜಿ) ಕೊಟ್ಟು ತೆಗೆಸಿದ ಮೇಲೆಯೇ ಪೂರ್ತಿ ದುಡ್ಡು ಕೊಡಿ.

ಉಪ್ಪು ತೊಳೆಯುವುದು

ಮೀನು ಇಳಿಸಿದ ದಿನವೇ ಸಿಹಿನೀರಿನಲ್ಲಿ ತೊಳೆಯಬೇಕು. ನಾಳೆಗೆ ಇಡಬಾರದು. ಮೇಲಿನ ಬಾಡಿಗಿಂತ ಅಡಿಭಾಗ ಮುಖ್ಯ. ಪೈಪ್ ಹಿಡಿದು ಚಕ್ರದ ಒಳಬದಿ, ಚಾಸಿಯ ಒಳಗಿನ ಪೊಳ್ಳು, ಪ್ಲೇಟ್ ಸೆಟ್ಟಿನ ಸಂದು ಎಲ್ಲ ಕಡೆ ನೀರು ಬಿಡಿ. ಬಾಗಿಲಿನ ಕೆಳಗೆ ನೀರು ಹೋಗುವ ಸಣ್ಣ ತೂತುಗಳಿರುತ್ತವೆ. ಅವು ಕೆಸರು ತುಂಬಿ ಮುಚ್ಚಿದರೆ ಬಾಗಿಲು ಒಳಗಿಂದ ಕೊಳೆಯುತ್ತದೆ. ಒಂದು ತಂತಿ ಹಾಕಿ ಬಿಡಿಸಿ. ವಾಟರ್ ಸರ್ವಿಸ್ ಮಾಡಿಸಿದರೆ ಕೂಡಲೇ ಗ್ರೀಸ್ ಹೊಡೆಸಿ. ಜೋರು ನೀರು ಇದ್ದ ಗ್ರೀಸನ್ನೂ ತಳ್ಳಿಬಿಡುತ್ತದೆ.

ಹಳೆಯ ಎಂಜಿನ್ ಆಯಿಲ್ ಅಡಿಗೆ ಹೊಡೆಯುವ ಅಭ್ಯಾಸ ಇಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ. ಮಳೆಗೆ ತೊಳೆದುಹೋಗಿ ಯಾರದೋ ಬಾವಿಗೆ ಸೇರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ, ಗಾಡಿ ಪೂರ್ತಿ ಒಣಗಿರುವಾಗ, ತುಕ್ಕು ಉಜ್ಜಿ ಪ್ರೈಮರ್ ಹಾಕಿ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ. ಜೂನ್ ಬಂದ ಮೇಲೆ ಮಾಡಿಸಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ.

ಮಳೆಗಾಲ ಮತ್ತು ಘಾಟಿ

ಮಂಗಳೂರಿನ ಕೊಟ್ಟಾರ ಚೌಕಿ, ಪಂಪ್‌ವೆಲ್ ಕಡೆ ಜೋರು ಮಳೆಗೆ ರಸ್ತೆಯಲ್ಲಿ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು. ಚಕ್ರದ ನಡುವಿನಷ್ಟು ನೀರಿನಲ್ಲಿ ಗಾಡಿ ಹೋದರೆ, ಬಿಸಿಯಾಗಿದ್ದ ಹಿಂದಿನ ಆಕ್ಸಲ್ ತಣ್ಣಗಾಗುತ್ತಾ ನೀರನ್ನು ಒಳಗೆ ಎಳೆದುಕೊಳ್ಳಬಹುದು. ಆಮೇಲೆ ಆ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಆಯಿಲ್ ಬಿಚ್ಚಿಸಿ ನೋಡಿ. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಕೂಡಲೇ ಬದಲಿಸಿ. ಎಂಜಿನ್ ನೀರಿನಲ್ಲಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ಎಳೆಸಿಕೊಂಡು ಹೋಗಿ. ಡೀಸೆಲ್ ಫಿಲ್ಟರಿನ ಕೆಳಗೆ ಸೇರುವ ನೀರನ್ನು ಮಳೆಗಾಲದಲ್ಲಿ ಆಗಾಗ ಬಿಡಿಸುತ್ತಿರಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಘಾಟಿ ಇಳಿಯುವಾಗ ಕುದಿದು ಬ್ರೇಕ್ ಪೆಡಲ್ ಸುಮ್ನೆ ಕೆಳಗೆ ಹೋಗಿಬಿಡುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಮೇಲಿಂದ ಸ್ವಲ್ಪ ಸುರಿದು ಸಾಗಹಾಕಬೇಡಿ. ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ, ನ್ಯೂಟ್ರಲ್ ಯಾವತ್ತೂ ಬೇಡ.

ಮೀನುಗಾರಿಕೆ ನಿಂತಾಗ

ಮಳೆಗಾಲದ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮೀನಿನ ಗಾಡಿಗಳೂ ನಿಲ್ಲುತ್ತವೆ. ಹ್ಯಾಂಡ್‌ಬ್ರೇಕ್ ಎಳೆದು ತಿಂಗಳುಗಟ್ಟಲೆ ನಿಲ್ಲಿಸಿದರೆ ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಅದರ ಬದಲು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ವಾರಕ್ಕೊಮ್ಮೆ ಹತ್ತು ಕಿಲೋಮೀಟರ್ ಆದರೂ ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಬ್ಯಾಟರಿ ಸರಿಯಾಗಿ ಚಾರ್ಜ್ ಆಗುವುದಿಲ್ಲ.

ಪ್ಲೇಟ್ ಸೆಟ್, ಬುಷ್, ಬ್ರೇಕ್ ಲೈನರ್ ಕೆಲಸಕ್ಕೆ ಇದೇ ಸಮಯ, ಮಾಡಿನ ಅಡಿಯಲ್ಲಿ ಆಗುವ ಕೆಲಸ ಅವು. ಜುಲೈ ಕೊನೆಯ ವಾರಕ್ಕೆ ಇಡಬೇಡಿ. ಆಗ ಎಲ್ಲರ ಗಾಡಿಯೂ ಗ್ಯಾರೇಜಿಗೆ ಬರುತ್ತದೆ, ಮೆಕ್ಯಾನಿಕ್‌ಗೆ ಪುರುಸೊತ್ತು ಇರುವುದಿಲ್ಲ. ಜೂನ್ ಮಧ್ಯದಲ್ಲೇ ಮುಗಿಸಿ, ಆಗಸ್ಟ್‌ನ ಮೊದಲ ಲೋಡಿಗೆ ಮುಂಚೆ ಟೈರ್ ಗಾಳಿ, ಲೈಟ್, ವೈಪರ್ ನೋಡಿದರೆ ಗಾಡಿ ಹೊರಡಬಹುದು.